ಲೆಕ್ಕಕ್ಕೆ ಮಾತ್ರ ಊರವರು

ಟೀಚರಮ್ಮನಿಗೆ ಅಸಹ್ಯವಾದರೆ ಮೂಗಿನ ಎಡಹೊಳ್ಳೆ ಮಾತ್ರ ಮೇಲಕ್ಕೇಳುತ್ತಿತ್ತು. ಅದರ ಜೊತೆಗೆ ಬಿಳಿಕಲ್ಲಿನ ಮೂಗುಬೊಟ್ಟೂ ಏಳುತ್ತಿತ್ತು. ಕೊಳೆತ ಟೊಮೇಟೊ, ಸುಳ್ಳು ಹೇಳಿದ ಹುಡುಗ, ಎಲೆಕ್ಷನ್ ಜೀಪಿನ ಮೈಕು, ಎಲ್ಲದಕ್ಕೂ ಅದೇ ಹೊಳ್ಳೆ. ಹೊಸೂರು ದಾಟಿ ತಳಿ ಎಂಬ ಊರಿನ ಕಡೆಯ ನಮ್ಮೂರಿನ ಕನ್ನಡ ಶಾಲೆಯಲ್ಲಿ ಅವರು ನಮಗೆ ಚರಿತ್ರೆ ಹೇಳಿಕೊಟ್ಟರು.

ಅಮೆರಿಕದ ಸಂವಿಧಾನ ಹುಟ್ಟಿದ ಕತೆ ಪುಸ್ತಕದಲ್ಲಿ ಒಂದೇ ಪುಟ. ಟೀಚರಮ್ಮ ಅದನ್ನು ವಾರಗಟ್ಟಲೆ ಹೇಳಿದರು. ರಾಜನನ್ನು ಓಡಿಸಿದ ಹದಿಮೂರು ಸೀಮೆಗಳು, ಕಂದಾಯ ಎತ್ತುವ ಶಕ್ತಿಯೂ ಇಲ್ಲದ ಅವರ ಒಕ್ಕೂಟ, ಅದನ್ನು ರಿಪೇರಿ ಮಾಡುತ್ತೇವೆಂದು ಫಿಲಡೆಲ್ಫಿಯಾದಲ್ಲಿ ಕೂಡಿದ ದೊಡ್ಡಮನುಷ್ಯರು. ಒಳಗಿನ ಮಾತು ಹೊರಗೆ ಹೋಗಬಾರದೆಂದು ಅವರು ಬೇಸಿಗೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತರಂತೆ. ಅದನ್ನು ಹೇಳುವ ದಿನ ನಮ್ಮ ಕ್ಲಾಸಿನ ಕಿಟಕಿಗಳನ್ನೂ ಮುಚ್ಚಿಸಿದರು. ಒಬ್ಬರ ಬೆವರು ಒಬ್ಬರಿಗೆ ನಾರುತ್ತಾ ಕೂತು ಕೇಳಿದೆವು. ರಾಜನಿಲ್ಲದೆ, ಅಧಿಕಾರವನ್ನು ಮೂರು ಪಾಲು ಮಾಡಿ ಒಬ್ಬರ ಮೇಲೊಬ್ಬರನ್ನು ಕಾವಲಿಟ್ಟದ್ದು ಸಣ್ಣ ಕೆಲಸವಲ್ಲ ಎಂದು ಮೊದಲು ಮನಸಾರೆ ಹೊಗಳಿದರು. ಆಮೇಲೆ ಹೊಳ್ಳೆ ಎದ್ದಿತು. ದಕ್ಷಿಣದ ಜಮೀನುದಾರರಿಗೆ ಸಭೆಯಲ್ಲಿ ಹೆಚ್ಚು ಸೀಟು ಬೇಕಿತ್ತು. ಸೀಟು ಕೊಡುವುದು ತಲೆ ಎಣಿಸಿ. ಹಾಗಾಗಿ ನಮ್ಮ ಗುಲಾಮರನ್ನೂ ಎಣಿಸಿ ಎಂದರು. ಜಗ್ಗಾಡಿ ಜಗ್ಗಾಡಿ, ಐದು ಗುಲಾಮರನ್ನು ಮೂರು ತಲೆಯೆಂದು ಹಿಡಿಯಲು ಒಪ್ಪಿದರು. ವೋಟು ಮಾತ್ರ ಆ ಐವರಲ್ಲಿ ಒಬ್ಬರಿಗೂ ಇಲ್ಲ. ಗುಲಾಮ ಎಂಬ ಪದ ಬರೆಯಲು ನಾಚಿಕೆ, ಅದಕ್ಕೆ 'ಇತರರು' ಎಂದು ಬರೆದರು.

"ಲೆಕ್ಕಕ್ಕೆ ಬೇಕು, ಮಾತಿಗೆ ಬೇಡ," ಎಂದರು ಟೀಚರಮ್ಮ. "ಇದನ್ನ ಕೇಳಿ ಅಸಹ್ಯ ಆಗ್ಲಿಲ್ಲ ಅಂದ್ರೆ ನಿಮ್ಗೆ ಪಾಠ ಅರ್ಥ ಆಗಿಲ್ಲ ಅಂತ."

ನಿವೃತ್ತರಾದ ಮೇಲೆ ಅವರು ಒಡಹುಟ್ಟಿದ ತಮ್ಮನ ಮನೆಯಲ್ಲಿದ್ದರು. ಆ ತಮ್ಮನೇ ಊರಿನ ಪ್ರೆಸಿಡೆಂಟು. ನೀರಿನ ಟ್ಯಾಂಕು ಕೇಳಲು ಹೋದವನಿಗೆ ಸರ್ಕಾರಿ ಆಫೀಸಿನವರು ನಿಮ್ಮೂರಲ್ಲಿ ಅಷ್ಟು ಮನೆಗಳಿಲ್ಲ ಎಂದರಂತೆ. ಆಗ ಕೆರೆಯಾಚೆಯ ದಲಿತರ ಕಾಲೊನಿ ನೆನಪಾಯಿತು. ಹಬ್ಬದ ದಿನ ಊರೊಳಗೆ ಬಿಟ್ಟುಕೊಳ್ಳದವರ ಮನೆಗಳನ್ನೆಲ್ಲ ಸೇರಿಸಿ ಎಣಿಸಿದರು. ಟ್ಯಾಂಕು ಬಂತು. ಪೈಪು ಮಾತ್ರ ಕೆರೆ ಏರಿಯ ಹತ್ತಿರ ನಿಂತಿತು. ಪೈಪು ಸಾಲಲಿಲ್ಲ, ಅತ್ತ ದಿಣ್ಣೆ, ನೀರು ಹತ್ತುವುದಿಲ್ಲ, ಒಬ್ಬೊಬ್ಬರದು ಒಂದೊಂದು ಸಬೂಬು. ಥೂ.

ಹಾಲಿನ ಡೈರಿ ಮುಂದೆ ಊರೆಲ್ಲ ಸೇರಿ ಹೊಸ ನಲ್ಲಿಗೆ ಪೂಜೆ ಮಾಡುವಾಗ ಟೀಚರಮ್ಮ ಎಲ್ಲರೆದುರಿಗೇ ತಮ್ಮನನ್ನು ಕೇಳಿದರು.

"ಎಣಿಸೋವಾಗ ಅವ್ರೂ ಊರೋರಾಗಿದ್ರಲ್ಲ. ನೀರು ಬಿಡೋವಾಗ ಏನಾದ್ರು?"

"ಇದು ಇಸ್ಕೂಲಲ್ಲ ಅಕ್ಕ. ಸುಮ್ಕೆ ಮನೆಗೋಗು."

"ಇಸ್ಕೂಲಲ್ಲಿ ಹೇಳಿದ್ದೂ ಇದನ್ನೇ ಕಣ್ಲಾ. ಅಲ್ಲಿ ಎದುರಿಗೆ ಮಕ್ಳಿದ್ರು, ಇಲ್ಲಿ ನೀನಿದ್ದೀಯ."

ಅವರು ಮನೆಗೆ ಹೋದದ್ದು ಕೊಡ ತರಲು. ಅವತ್ತಿನಿಂದ ಅವರಿಗೆ ಕಾಲೊನಿಯ ಕೈಪಂಪಿನ ನೀರೇ. ತುಕ್ಕು ನಾರುವ ಉಪ್ಪುಪ್ಪು ನೀರು. ತಮ್ಮನ ಅಡಿಗೆ ಬಿಟ್ಟು ಹಿತ್ತಲ ಕೋಣೆಯಲ್ಲಿ ಬೇರೆ ಒಲೆ ಹೂಡಿದರು. ನಾನು ಹೊಸೂರಿನ ಕಂಪನಿಯಲ್ಲಿ ಶಿಫ್ಟು ಮುಗಿಸಿ ಬರುವಾಗ ಕೂಗಿ ಕರೆದು ಟೀ ಕೊಡುತ್ತಿದ್ದರು. ಆ ನೀರಿಗೆ ಹಾಲು ಒಡೆದು ಚೂರುಚೂರಾಗಿ ತೇಲುತ್ತಿತ್ತು. ನಾನು ಮುಖ ಕಿವಿಚಿದರೆ ಅವರಿಗೆ ನಗು.

"ಕುಡಿ. ಒಂದು ಲೋಟಕ್ಕೇ ಹಿಂಗಂದ್ರೆ ದಿನಾ ಕುಡಿಯೋರ್ಗೆ ಹೆಂಗಿರ್ಬೇಡ?"

ಹೋದ ವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಕೊನೆಯ ಸ್ನಾನವೂ ಆ ಪಂಪಿನ ನೀರಿನದೇ ಆಗಬೇಕೆಂದು ತಮ್ಮನಿಗೂ ನನಗೂ ಹೇಳಿದ್ದರು. ಕಾಲೊನಿಯಿಂದ ಅವರ ಶಿಷ್ಯೆಯೊಬ್ಬಳು ತುಂಬಿದ ಕೊಡ ಹೊತ್ತು ಅಂಗಳಕ್ಕೆ ಬಂದಳು. ಪ್ರೆಸಿಡೆಂಟು ಅಡ್ಡ ನಿಂತ.

"ಅಳೋಕೆ ಬಂದಿದ್ದೀಯ, ಅಳು. ನೀರು ಬೇಡ."

ನಾನು ಅವನಿಗೆ ಅಕ್ಕನ ಮಾತು ನೆನಪಿಸಿದೆ. ಸತ್ತವರಿಗೆ ಯಾವ ನೀರಾದರೇನು ಎಂದ. ನಲ್ಲಿಯ ನೀರನ್ನೇ ಹುಯ್ದರು. ಮಣ್ಣು ಮಾಡಿ ಎಲ್ಲರೂ ತಿರುಗಿದ ಮೇಲೆ ಅವಳು ಆ ಕೊಡವನ್ನು ಹಸಿಮಣ್ಣಿನ ಮೇಲೆ ಬಗ್ಗಿಸಿ, ನನ್ನ ಮುಖವನ್ನೂ ನೋಡದೆ ಹೋದಳು.

ಮಾರನೆಯ ದಿನ ಟ್ಯಾಂಕಿನ ಕಂಬಕ್ಕೆ ಫ್ಲೆಕ್ಸು ಕಟ್ಟಿದ್ದರು. ಟೀಚರಮ್ಮನ ಫೋಟೊ, ಪಕ್ಕದಲ್ಲಿ ಅದಕ್ಕಿಂತ ಗೇಣುದ್ದ ದೊಡ್ಡದಾಗಿ ಕೈಮುಗಿದ ಪ್ರೆಸಿಡೆಂಟು. ಕೆಳಗೆ, ಕಂಬನಿ ಮಿಡಿಯುವವರು ಕಾಲೊನಿ ಸೇರಿ ಊರಿನ ಸಮಸ್ತ ಜನತೆ ಎಂದಿತ್ತು. ಮತ್ತೆ ಲೆಕ್ಕಕ್ಕೆ ಬೇಕಾಗಿದ್ದರು. ಓದಿ ಪಕ್ಕಕ್ಕೆ ಉಗಿದೆ. ಆಮೇಲೆ ಫೋಟೊ ನೋಡಿದೆ. ಅದು ನಲ್ಲಿ ಪೂಜೆಯ ದಿನ, ಅವರು ತಮ್ಮನನ್ನು ಪ್ರಶ್ನೆ ಕೇಳುವಾಗ ಯಾರೋ ಫೋನಿನಲ್ಲಿ ಹಿಡಿದದ್ದು. ಸ್ಟುಡಿಯೋದವನು ಮುಖ ಬೆಳ್ಳಗೆ ಮಾಡಿ, ತುಟಿಗೆ ನಗು ತಂದು, ಮೂಗನ್ನೂ ತಿದ್ದಿದ್ದ. ಎರಡು ಹೊಳ್ಳೆಯೂ ಸಮ. ಯಾವುದಕ್ಕೂ ಅಸಹ್ಯಪಡದ ಯಾರೋ ಒಬ್ಬ ಹೆಂಗಸು.

ಅಸಹ್ಯಪಡುವುದನ್ನು ನನಗೆ ಕಲಿಸಿದವರು ಅವರು. ಪೈಪು ಇನ್ನೂ ಏರಿಯ ಹತ್ತಿರವೇ ನಿಂತಿದೆ. ಈಗ ನಾನು ಕೊಡ ಹಿಡಿದು ಕೆರೆಯಾಚೆ ಹೋಗುತ್ತೇನೆ. ನಮ್ಮ ಮನೆಯ ಟೀಯೂ ಒಡೆಯುತ್ತದೆ.