ಭೀಮನ ಕಡೆಯ ಬೀಗರು

ಶರಣಪ್ಪನವರ ಹುಬ್ಬಿನ ಮೇಲೆ ಸದಾ ತೆಳ್ಳಗೆ ತೌಡು ಕೂತಿರುತ್ತಿತ್ತು. ಮಾನ್ವಿಯಲ್ಲಿ ಅವರದು ಅಕ್ಕಿ ಗಿರಣಿ. ನಕ್ಕರೆ ಹುಬ್ಬು ಮೇಲೇರಿ, ಆ ತೌಡು ಮೂಗಿನ ಮೇಲೆ ಉದುರುವುದು.

ಮೊದಲ ಸಲ ಅವರನ್ನು ನೋಡಿದಾಗ ನಾನು ರಾಯಚೂರಿನ ಪಶುವೈದ್ಯರ ಬಳಿ ಅಳುತ್ತಾ ಕೂತಿದ್ದೆ. ನಮ್ಮ ನಾಯಿ ರೋಸಿಗೆ ಉಣ್ಣೆ ಹುಳು ಕಚ್ಚಿ ಜ್ವರ ಬಂದು, ಒಸಡು ಕಾಗದದಂತೆ ಬಿಳುಚಿತ್ತು. ಬೇರೆ ನಾಯಿಯ ರಕ್ತ ಕೊಡದಿದ್ದರೆ ಉಳಿಯುವುದಿಲ್ಲ ಎಂದ ಡಾಕ್ಟರು, ತಾವೇ ಫೋನು ಮಾಡಿ ಶರಣಪ್ಪನವರ ಗಿರಣಿ ಕಾಯುವ ಭೀಮನನ್ನು ಕರೆಸಿದ್ದರು. ಕರುವಿನಷ್ಟು ಎತ್ತರದ ನಾಯಿ, ಹಣೆಗೆ ವಿಭೂತಿ ಬೇರೆ.

ಶರಣಪ್ಪ ನೆಲದಲ್ಲೇ ಕೂತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಕುತ್ತಿಗೆಗೆ ಸೂಜಿ ಚುಚ್ಚುವಾಗ ಅದರ ಕಿವಿಯಲ್ಲಿ, “ಅಲುಗಾಡಬ್ಯಾಡಲೇ ಭೀಮ್ಯಾ. ಹೆಣ್ಣಿನ ಕಡೆಯವರು ನೋಡಾಕತ್ತಾರ, ಮರ್ಯಾದಿ ಉಳಸು” ಎಂದರು. ಅಳುತ್ತಿದ್ದ ನನಗೆ ನಗು ಬಂತು.

ರೋಸಿ ಎದ್ದು ಓಡಾಡಿದ ಮೇಲೆ ನಾವು ಅವರಿಗೆ ಬೀಗರೇ ಆಗಿಹೋದೆವು. ರಾಯಚೂರಿಗೆ ಬಂದಾಗಲೆಲ್ಲ ನಮ್ಮ ಮನೆ. ಪಂಚಮಿಗೆ ಶೇಂಗಾ ಉಂಡಿ. ರೋಸಿಗೆ ಬೇರೆ ಡಬ್ಬಿಯಲ್ಲಿ ಮೊಟ್ಟೆ. ತಮ್ಮ ಮನೆಯೊಳಗೆ ಮೊಟ್ಟೆ ತರುವಂತಿಲ್ಲವೆಂದು ಗಿರಣಿಯಲ್ಲೇ ಬೇಯಿಸಿ ತರುತ್ತಿದ್ದರು. ಕಾನ್ವೆಂಟಿನ ಅಭ್ಯಾಸ, ನಾನು “ಥ್ಯಾಂಕ್ಯೂ” ಅಂದುಬಿಡುತ್ತಿದ್ದೆ.

“ಬೀಗರು ಥ್ಯಾಂಕ್ಯೂ ಅಂತಾರೇನ್ರೀ ಯವ್ವಾ? ಉಂಡಿಗೆ ಬೆಲ್ಲ ಕಡಿಮಿ ಆಗ್ಯಾದ ಅಂತ ಹೆಸರಿಡ್ರೀ!”

ಕಳೆದ ಮಳೆಗಾಲದಲ್ಲಿ ಅದೇ ಜ್ವರ ಭೀಮನಿಗೆ ಬಂತು. ಅದನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಅವರು ನೇರ ನಮ್ಮ ಬಾಗಿಲಿಗೇ ಬಂದರು. “ದೇವದುರ್ಗದ ದೋಸ್ತ ತನ್ನ ನಾಯಿ ತರ್ತೀನಂದ. ನಾನs ಬ್ಯಾಡಂದೆ. ಬೀಗರು ಇರೋವಾಗ ಮಂದಿ ಕಡೆ ಯಾಕ ಕೈಚಾಚಲಿ?”

ರೋಸಿಯನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ತಲೆಯಾಡಿಸಿದರು. “ಒಮ್ಮೆ ಬೇರೆ ನಾಯಿಯ ರಕ್ತ ಪಡೆದದ್ದರ ರಕ್ತ ತಗೊಳ್ಳೋದಿಲ್ರೀ. ಒಗ್ಗದಿದ್ರ ಜೀವಕ್ಕs ಅಪಾಯ.”

ಶರಣಪ್ಪ ರೋಸಿಯ ಬೆನ್ನು ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು: “ಅಕಿ ಮೈಯಾಗಿರೋದು ನಮ್ಮ ಭೀಮಂದೇ ರಕ್ತ ಅಲ್ಲೇನ್ರೀ? ಅವಂದು ಅವಂಗs ಆಗೂದಿಲ್ಲಂದ್ರ ಹೆಂಗ್ರೀ?”

ದೇವದುರ್ಗಕ್ಕೆ ಫೋನು ಹೋಯಿತು. ಆ ನಾಯಿ ಹೊರಟಿತು ಕೂಡ. ಅದು ದಾರಿಯಲ್ಲಿರುವಾಗಲೇ ಭೀಮನ ಉಸಿರು ನಿಂತಿತು. ಶರಣಪ್ಪ ಅದರ ಕಣ್ಣ ಪಿಸುರು ಒರೆಸಿದರು, ಹೆಗಲ ಟವೆಲು ಹೊದಿಸಿದರು. ನಾನು ಅಳತೊಡಗಿದೆ. “ನೀವ್ಯಾಕ ಅಳತೀರಿ? ನಿಮ್ಮ ಹುಡುಗಿ ಕೊಡಾಕ ಬಂದಿದ್ಳಲ್ರೀ” ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಆಮೇಲೆ ಅವರು ಈ ಕಡೆ ಬಂದಿಲ್ಲ. ಫೋನು ಮಾಡಿದರೆ “ಬರ್ತೀನ್ರೀ” ಅನ್ನುತ್ತಾರೆ, ಅಷ್ಟೆ.

ಅಂದು ಟೆಂಪೋ ಹೊರಡುತ್ತಲೇ ರೋಸಿ ಅದರ ಹಿಂದೆ ನುಗ್ಗಿದಳು. ಎರಡೂ ಕೈಯಲ್ಲಿ ಹಿಡಿದರೂ ನಿಲ್ಲಲೊಲ್ಲಳು. ಸರಪಳಿ ಜಾರಿ ನನ್ನ ಅಂಗೈ ತರಚಿತು. ಶರಣಪ್ಪ ಕಿಟಕಿಯಿಂದ ತಲೆ ಹೊರಹಾಕಿದರು.

“ಗಟ್ಟಿ ಹಿಡೀರಿ ಯವ್ವಾ,” ಅಂದರು, “ಭಾಳ ಶಕ್ತಿ ಅದ ಅಕಿಗೆ.”