ಗೋಡೆಯ ಉಸಿರು

ಬಣ್ಣ ಬಳಿಯುವವರಲ್ಲಿ ಅವನಿಗೆ ಡಬಲ್ ಕೋಟ್ ಎಂದೇ ಹೆಸರು. ಯಾವ ಗೋಡೆಗೆ ಯಾವ ರೋಗವಿದ್ದರೂ ಅವನ ಔಷಧ ಒಂದೇ, ಎರಡು ಸಲ ಬಣ್ಣ. ಹಾಗಾಗಿ ಮನೆ ಬಾಡಿಗೆಗೆ ಕೊಡುವವರಿಗೆಲ್ಲ ಅವನೆಂದರೆ ಅಚ್ಚುಮೆಚ್ಚು. ಹಳೆಯ ಬಾಡಿಗೆದಾರ ಗಂಟುಮೂಟೆ ಕಟ್ಟಿದ ಬೆನ್ನಿಗೇ ಇವನಿಗೆ ಕರೆ ಹೋಗುತ್ತಿತ್ತು. ಹೊಸಬರು ಬರುವಷ್ಟರಲ್ಲಿ ಮೂಲೆಯ ಬೂಷ್ಟೆಲ್ಲ ಕೆನೆಬಣ್ಣದ ಕೆಳಗೆ ಗಪ್‌ಚಿಪ್.

ಬಣ್ಣ ಒಣಗುವ ಮೊದಲೇ ಯಾರಾದರೂ ಬಂದು, ಇದೇನು ಕಪ್ಪು ಕಪ್ಪು ಎಂದು ಮೂಗು ತೂರಿಸಿದರೆ ಅವನ ಬಳಿ ಒಂದು ಮಾತು ಸಿದ್ಧವಿತ್ತು: “ಗೋಡೆ ಉಸಿರಾಡ್ತಿದೆ, ಅಷ್ಟೇ.” ಎಷ್ಟು ಗಂಭೀರವಾಗಿ ಹೇಳುತ್ತಿದ್ದನೆಂದರೆ, ಕೇಳಿದವರೇ ತಮ್ಮ ಅಜ್ಞಾನಕ್ಕೆ ನಾಚಿಕೊಳ್ಳುತ್ತಿದ್ದರು.

ಹೇಳಿ ಹೇಳಿ ಅವನೂ ಅದನ್ನು ನಂಬಿಬಿಟ್ಟ. ಬಚ್ಚಲಿಗೆ ಅಂಟಿಕೊಂಡ ಅವನ ಮಲಗುವ ಕೋಣೆಯಲ್ಲಿ, ಬೀರುವಿನ ಹಿಂದೆ, ಗೋಡೆ ಭರ್ಜರಿಯಾಗಿಯೇ ಉಸಿರಾಡುತ್ತಿತ್ತು. ಹೆಂಡತಿ ಗೊಣಗಿದಾಗಲೆಲ್ಲ ಅದರ ಮೇಲೆ ಎರಡು ಕೋಟ್ ಬೀಳುತ್ತಿತ್ತು. ಬೂಷ್ಟು ಅದನ್ನೂ ಹೊಟ್ಟೆಗೆ ಹಾಕಿಕೊಂಡು ಮತ್ತೆ ಇಣುಕುತ್ತಿತ್ತು. ಬೀರುವಿನ ಪಕ್ಕದಲ್ಲೇ ಮಲಗುವ ಮಗಳಿಗೆ ಕೆಮ್ಮು ಹತ್ತಿತು. ಐಸ್‌ಕ್ರೀಮ್ ನಿಂತಿತು, ಕೆಮ್ಮು ನಿಲ್ಲಲಿಲ್ಲ. ಶಾಲೆಯ ಧೂಳು, ಪಕ್ಕದ ಮನೆಯ ಬೆಕ್ಕು, ಹೆಂಡತಿಯ ತವರಿನವರ ಶೀತದ ಮೈ, ಹೀಗೆ ಎಲ್ಲರ ಮೇಲೂ ಗೂಬೆ ಕೂರಿಸಿದ್ದಾಯಿತು. ಮೆಟ್ಟಿಲು ಹತ್ತುವಾಗ ಹುಡುಗಿಯ ಎದೆ ಸುಯ್‌ಗುಡತೊಡಗಿದಾಗ ಮಾತ್ರ ಅವಳನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ.

ಡಾಕ್ಟರಮ್ಮ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಮನೆಯಲ್ಲಿ ತೇವ, ಬೂಷ್ಟು ಏನಾದರೂ ಇದೆಯೇ ಎಂದು ವಿಚಾರಿಸಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಮಗಳು ಹೆಮ್ಮೆಯಿಂದ ಉತ್ತರ ಕೊಟ್ಟಳು.

“ಬೂಷ್ಟಿಲ್ಲ ಡಾಕ್ಟ್ರೇ. ನಮ್ಮನೆ ಗೋಡೆ ಉಸಿರಾಡುತ್ತೆ. ಅಪ್ಪ ಹೇಳಿದಾರೆ.”

ಡಾಕ್ಟರಮ್ಮ ನಗಲಿಲ್ಲ. ಉಬ್ಬಸಕ್ಕೆ ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪ್ ಬರೆದುಕೊಟ್ಟರು. ಬೂಷ್ಟಿನ ಪುಡಿ ಕಣ್ಣಿಗೆ ಕಾಣದಂತೆ ಗಾಳಿಯಲ್ಲಿ ತೇಲಿ, ಎಲ್ಲರಿಗೂ ಅಲ್ಲದಿದ್ದರೂ ಇಂಥ ಮಕ್ಕಳ ಎದೆಯನ್ನು ಕೆರಳಿಸುತ್ತದೆ, ಬಣ್ಣ ಬಳಿದರೆ ಅದು ಸಾಯುವುದಿಲ್ಲ, ನೀರು ಎಲ್ಲಿಂದ ಬರುತ್ತಿದೆಯೋ ಮೊದಲು ಅದನ್ನು ನಿಲ್ಲಿಸಿ ಎಂದರು. ಊರಿಗೆಲ್ಲ ಬಳಿದದ್ದು ಈಗ ಅವನ ಮುಖಕ್ಕೇ ಬಂದು ಮೆತ್ತಿಕೊಂಡಿತು.

ಮಗಳನ್ನು ಅಜ್ಜಿಯ ಮನೆಗೆ ಕಳಿಸಿ, ಮಾಸ್ಕ್ ಕಟ್ಟಿಕೊಂಡು ಗೋಡೆ ಒಡೆದ. ಒಳಗೆ ಬಚ್ಚಲ ಪೈಪು ತೊಟ್ಟಿಕ್ಕುತ್ತಿತ್ತು. ಪೈಪು ಬದಲಿಸಿ, ಕೆಟ್ಟ ಗಾರೆಯನ್ನೆಲ್ಲ ಕೆತ್ತಿ, ಕಿಟಕಿ ತೆರೆದಿಟ್ಟು ಒಣಗಲು ಬಿಟ್ಟ. ಗಿರಾಕಿಗಳಿಗೂ ಅದನ್ನೇ ಹೇಳತೊಡಗಿದ: ಮೊದಲು ಪೈಪು, ಆಮೇಲೆ ಬಣ್ಣ. ಮನೆ ಮಾಲೀಕರು ಇವನಿಗೆ ತಲೆ ಕೆಟ್ಟಿದೆಯೆಂದು ತೀರ್ಮಾನಿಸಿ ಬೇರೊಬ್ಬ ಪೇಂಟರನ್ನು ಹಿಡಿದರು. ಆ ಪುಣ್ಯಾತ್ಮನ ಪ್ರಕಾರ ಗೋಡೆ ಬೆವರುತ್ತಿತ್ತು.

ಗೋಡೆ ಒಣಗಿದ ಮೇಲೆ ಮಗಳು ಮನೆಗೆ ಬಂದಳು. ಕೆಮ್ಮಿರಲಿಲ್ಲ. ಬೋಳುಗೋಡೆಗೆ ಕಿವಿಯಿಟ್ಟು ಕೇಳಿದಳು.

“ಅಪ್ಪ, ಗೋಡೆ ಸತ್ತುಹೋಯ್ತಾ?”

“ಹೂಂ ಕಂದಾ,” ಅಂದ. “ಇನ್ಮೇಲೆ ನೀನು ಉಸಿರಾಡು.”