ಕೈ ಕಾಣುವ ಕೋಣೆ

ಶರ್ವಾಣಿ ಗಣಿತ ಕಲಿಸುತ್ತಿದ್ದ ಶಾಲೆಯಲ್ಲಿ ಗಂಟೆ ಇರಲಿಲ್ಲ. ಪಾಠದ ಅವಧಿ ಮುಗಿದಾಗ ಯಾರಾದರೊಬ್ಬರು ವರಾಂಡದ ಸ್ವಿಚ್ಚು ಒತ್ತುತ್ತಿದ್ದರು, ಎಲ್ಲ ಕೋಣೆಗಳಲ್ಲೂ ಕೆಂಪು ಬಲ್ಬು ಮಿನುಗುತ್ತಿತ್ತು. ಶ್ರೀನಗರದ ಒಳರಸ್ತೆಯ ಬಾಡಿಗೆ ಕಟ್ಟಡದಲ್ಲಿ, ಕೆಳಗೆ ತರಗತಿ ಮೇಲೆ ಹಾಸ್ಟೆಲ್ಲು ಇದ್ದ ಕಿವುಡ ಮಕ್ಕಳ ಶಾಲೆ ಅದು. ಶರ್ವಾಣಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳು ಚಿಕ್ಕವಳಿದ್ದಾಗ ಡಾಕ್ಟರೊಬ್ಬರು ಸನ್ನೆ ಮಾಡಲು ಬಿಟ್ಟರೆ ಮಾತು ಬರುವುದಿಲ್ಲ ಎಂದು ಹೆದರಿಸಿದ್ದರು. ತಾಯಿ ಸರಸ್ವತಿ ಮಗಳ ಕೈಯನ್ನು ತಮ್ಮ ತೊಡೆಯ ಮೇಲೆ ಅದುಮಿ ಹಿಡಿದು ‘ಅಮ್ಮ, ಅಮ್ಮ’ ಎನ್ನಿಸಲು ವರ್ಷಗಟ್ಟಲೆ ಹೆಣಗಿದರು. ಮಾತು ಬರಲಿಲ್ಲ. ಕೊನೆಗೆ ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಸರಸ್ವತಿಯವರೇ ಮಗಳಿಂದ ಸನ್ನೆ ಕಲಿತರು. ಗಂಡ ತೀರಿಕೊಂಡ ಮೇಲೆ ಗಿರಿನಗರದ ಮನೆಯಲ್ಲಿ ಇಬ್ಬರೇ. ಆ ಮನೆಯಲ್ಲಿ ದಿನವಿಡೀ ಮಾತು ನಡೆಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಶಾಲೆ ನಡೆಸುತ್ತಿದ್ದ ಟ್ರಸ್ಟಿನವರು ಕೈಚೆಲ್ಲಿದರು. ಕಟ್ಟಡದ ಮಾಲೀಕ ಬೀಗ ಜಡಿದ. ಒಂಬತ್ತನೇ ತರಗತಿ ಮುಗಿಸಿ ಊರಿಗೆ ಹೋಗಿದ್ದ ಮಕ್ಕಳಿಗೆ ಮರಳಿ ಬರಲು ಜಾಗವೇ ಇಲ್ಲದಾಯಿತು. ಮಾಗಡಿ, ಕನಕಪುರ, ಕುಣಿಗಲ್ ಕಡೆಯ ಹಳ್ಳಿಗಳ ಮಕ್ಕಳು ಅವರು. ಬೇರೆ ಶಾಲೆಗಳು ದೂರ, ಇದ್ದಲ್ಲಿಯೂ ಜಾಗ ಇಲ್ಲ. ಕೆಲವರನ್ನು ಊರಿನ ಮಾಮೂಲಿ ಹೈಸ್ಕೂಲಿಗೆ ಸೇರಿಸಿದರು. ಅಲ್ಲಿ ಅವರು ಹಿಂದಿನ ಬೆಂಚಿನಲ್ಲಿ ಕುಳಿತು ಮೇಷ್ಟ್ರ ಬೆನ್ನು ನೋಡುತ್ತಿದ್ದರು.

ಶರ್ವಾಣಿಗೆ ಹತ್ತನೇ ತರಗತಿಯ ಪರೀಕ್ಷೆಗಿಂತ ದೊಡ್ಡದಾದ ಬೇರೊಂದು ಭಯವಿತ್ತು. “ಮನೇಲಿ ಅವರಿಗೆ ಯಾರೂ ಇಲ್ಲಮ್ಮ,” ಎಂದು ತಾಯಿಗೆ ಕೈಯಲ್ಲಿ ಹೇಳಿದಳು. “ಬಾ, ಹೋಗು, ಊಟ ಮಾಡು, ಬೇಡ. ಇಷ್ಟೇ ಸನ್ನೆ ಅವರ ಮನೆಗಳಲ್ಲಿ. ವರ್ಷ ಕಳೆದ್ರೆ ಕಲಿತಿದ್ದೆಲ್ಲ ಹೋಗತ್ತೆ.”

ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ಪಾಠ ಶುರುಮಾಡಿದಳು. ನಡುಮನೆಯ ಟ್ಯೂಬ್‌ಲೈಟಿನ ಕೆಳಗೆ, ಪುಸ್ತಕದ ರಾಶಿಗೆ ಫೋನು ಒರಗಿಸಿ ನಿಂತಳು. ಆದರೆ ಕೈ ಬೇಗ ಆಡಿದರೆ ತೆರೆಯ ಮೇಲೆ ಬೆರಳು ಕಲಸಿಹೋಗುತ್ತಿತ್ತು, ನಿಧಾನ ಮಾಡಿದರೆ ಮಾತಿನ ಅರ್ಥವೇ ಕೆಡುತ್ತಿತ್ತು. ಮಾಗಡಿ ಕಡೆಯ ರೇವಂತ್ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಲೆಕ್ಕ ಬಿಡಿಸುತ್ತಿದ್ದ ಹುಡುಗ. ಪಾಠ ಮುಗಿದ ಮೇಲೆ ಅವನು ತನಗೆ ಬರುವ ಕನ್ನಡದಲ್ಲಿ ಬರೆದು ಕಳಿಸಿದ: “ಮಿಸ್ ಬೆರಳು ಮೂರು ನಾಲ್ಕು ಗೊತ್ತಿಲ್ಲ. ಕೈ ಹೊಗೆ.”

ಅದನ್ನು ಓದಿದ ಮೇಲೆಯೇ ತಾಯಿ ಮಗಳು ಪಾಠಕ್ಕೆಂದು ಬಾಡಿಗೆ ಸ್ಟುಡಿಯೋ ಹುಡುಕಲು ಹೊರಟದ್ದು.

ಮೊದಲು ಜೆ.ಪಿ. ನಗರಕ್ಕೆ ಹೋದರು. ನಡೆಸುವವನು ಚಿದಾನಂದ್ ಎಂಬ ಗಡ್ಡದ ಯುವಕ, ನಗುಮುಖದವನು. ಒಳಗೆ ಕರೆದವನೇ ದಪ್ಪ ಬಾಗಿಲನ್ನು ಪ್ರೀತಿಯಿಂದ ತಟ್ಟಿದ.

“ಆಂಟಿ, ಇದೇ ನಮ್ಮ ಸ್ಪೆಷಾಲಿಟಿ. ಈ ಬಾಗಿಲು ಹಾಕಿದ್ರೆ ಹೊರಗಡೆ ಬಾಂಬ್ ಬಿದ್ರೂ ಕೇಳ್ಸಲ್ಲ. ಜೆ.ಪಿ. ನಗರದಲ್ಲಿ ಇಂಥ ಸೈಲೆನ್ಸ್ ಇನ್ನೆಲ್ಲೂ ಸಿಗಲ್ಲ.”

ಸರಸ್ವತಿ ಅದನ್ನು ಮಗಳಿಗೆ ಕೈಯಲ್ಲಿ ಹೇಳಿದರು. ಶರ್ವಾಣಿ ತಿರುಗಿ, “ನಂಗೆ ಬಾಗಿಲು ಹಾಕದೇ ಇದ್ರೂ ಕೇಳ್ಸಲ್ಲ ಅಂತ ಹೇಳು,” ಎಂದಳು. ಸರಸ್ವತಿ ಅದನ್ನು ಹೇಳಲಿಲ್ಲ.

ಒಳಗೆ ಗೋಡೆಗಳೆಲ್ಲ ಕಪ್ಪು ಸ್ಪಂಜು. ನೇರಳೆ, ಗುಲಾಬಿ ಬಣ್ಣದ ದೀಪಗಳು. ನಡುವೆ ಅಗಲವಾದ ಮೇಜು, ಮೇಜಿನ ಮೇಲೆ ಎದೆಯೆತ್ತರಕ್ಕೆ ಬಾಗಿದ ಮೈಕುಗಳು. ಅಲ್ಲಿ ಕುಳಿತರೆ ಮುಖ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಮೇಜು ತೆಗೆಯಬಹುದೇ, ಬಿಳಿ ದೀಪ ಹಾಕಬಹುದೇ ಎಂದು ಸರಸ್ವತಿ ಕೇಳಿದರು.

“ಮೇಜು ಫಿಕ್ಸೆಡ್ ಆಂಟಿ. ಯಾಕೆ, ಮೇಡಂ ಮಾತಾಡಲ್ವಾ?” ಎಂದ ಚಿದಾನಂದ್, ವಿಷಯ ತಿಳಿದ ಮೇಲೆ ದನಿ ತಗ್ಗಿಸಿದ. “ಅಯ್ಯೋ ಪಾಪ. ಒಂದು ಕೆಲಸ ಮಾಡೋಣ. ನೀವು ಕೂತ್ಕೊಂಡು ಅವರ ಕಷ್ಟದ ಕತೆ ಹೇಳಿ, ಅವರು ಪಕ್ಕದಲ್ಲಿರ್ಲಿ. ಜನ ಅಳ್ತಾರೆ. ಸಖತ್ ಓಡತ್ತೆ.”

ಈ ಮಾತನ್ನು ಸರಸ್ವತಿ ಮಗಳಿಗೆ ಹೇಳಲಿಲ್ಲ. ಆದರೆ ತುಟಿ ಓದಲು ಶರ್ವಾಣಿಗೆ ಅಷ್ಟಿಷ್ಟು ಬರುತ್ತಿತ್ತು. ‘ಪಾಪ’ ಎಂಬ ಶಬ್ದವನ್ನಂತೂ ಅವಳು ಎಷ್ಟು ದೂರದಿಂದಲಾದರೂ ಗುರುತಿಸುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಬಿ.ಟಿ.ಎಂ. ಲೇಔಟಿನ ಸ್ಟುಡಿಯೋದಲ್ಲಿ ಬೆಳಕು ಬೇಕಾದಷ್ಟಿತ್ತು. ಸೀರೆಯನ್ನು ಲೈವ್‌ನಲ್ಲಿ ಮಾರುವವರು ದಿನವಿಡೀ ಅಲ್ಲಿ ನಿಲ್ಲುತ್ತಿದ್ದರು. ಹಿಂದಿನ ಗೋಡೆಯ ತುಂಬ ಪ್ಲಾಸ್ಟಿಕ್ ಹೂ, ಕನ್ನಡಿ ಚೂರು. ಹೇಗೆ ಕಾಣುತ್ತದೆಂದು ನೋಡಲು ತೆಗೆದ ವಿಡಿಯೋದಲ್ಲಿ ಬೆರಳು ಹೂವಿನೊಳಗೆ ಬೆರೆತುಹೋಯಿತು. ಕ್ಯಾಮೆರಾಗಳೂ ಫೋನಿನ ಹಾಗೆ ಉದ್ದಕ್ಕೆ ನಿಂತಿದ್ದವು. ತೋಳು ಅಗಲಿಸಿದರೆ ಅಂಗೈ ಚೌಕಟ್ಟಿನಾಚೆ. ಅಲ್ಲಿನ ಹೆಂಗಸು ಒಳ್ಳೆಯವಳು, ಕಾಫಿ ಕೊಟ್ಟಳು, ಗೋಡೆ ಮಾತ್ರ ಬದಲಿಸಲಾಗುವುದಿಲ್ಲವೆಂದಳು.

ಮೂರನೆಯದು ಬನಶಂಕರಿಯಲ್ಲಿ, ಗುಂಡಣ್ಣನದು. ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ ಹಳೆಯ ಸ್ಟುಡಿಯೋ. ಈಗ ವ್ಯಾಪಾರವಿಲ್ಲದೆ ಲೈವ್‌ಗೂ ಬಾಡಿಗೆ ಕೊಡುತ್ತೇನೆಂದು ಬೋರ್ಡು ಬರೆಸಿದ್ದ. ಕೆಳಗಡೆ ಕಿಟಕಿ ಗ್ರಿಲ್ಲು ಮಾಡುವ ಅಂಗಡಿ. ಕಬ್ಬಿಣ ಕೊಯ್ಯುವ ಸದ್ದಿಗೆ ಗುಂಡಣ್ಣ ಕೂಗಿ ಮಾತಾಡಬೇಕಾಯಿತು.

“ಅಮ್ಮಾ, ಮುಂಚೇನೇ ಹೇಳ್ಬಿಡ್ತೀನಿ. ಆಮೇಲೆ ಬೈಬೇಡಿ. ಬೆಳಗಿಂದ ಸಾಯಂಕಾಲದವರೆಗೂ ಇದೇ ಗಲಾಟೆ. ಬಂದೋರೆಲ್ಲ ಹತ್ತು ನಿಮಿಷ ನಿಂತು ವಾಪಸ್ ಹೋಗ್ತಾರೆ.”

ಶರ್ವಾಣಿ ಆಗಲೇ ಒಳಗೆ ನಿಂತಿದ್ದಳು. ಖಾಲಿ ಕೋಣೆ. ಗೋಡೆಗೆ ಕಡು ನೀಲಿ ಬಣ್ಣ, ಒಂದು ಚಿತ್ತಾರವಿಲ್ಲ. ಎರಡು ಬದಿಯಿಂದಲೂ ಬಿಳಿಬಟ್ಟೆ ಹೊದಿಸಿದ ದೊಡ್ಡ ದೀಪಗಳು. ಕ್ಯಾಮೆರಾ ಅಡ್ಡಕ್ಕೆ ನಿಂತಿತ್ತು. ಅವಳು ಬೆರಳಾಡಿಸಿ ಪಕ್ಕದ ತೆರೆಯಲ್ಲಿ ನೋಡಿಕೊಂಡಳು. ಮೂರು ಬೆರಳು ಮೂರಾಗಿಯೇ ಕಂಡವು, ನಾಲ್ಕು ನಾಲ್ಕಾಗಿ. ಉಗುರಿನ ಅಂಚು ಸಹ ಕಾಣುತ್ತಿತ್ತು.

ತಾಯಿ ಗುಂಡಣ್ಣನ ಮಾತನ್ನು ತಿಳಿಸಿದಾಗ ಅವಳು ಬಾಯ್ತುಂಬ ನಕ್ಕಳು. ಶಾಲೆ ಮುಚ್ಚಿದ ಮೇಲೆ ಸರಸ್ವತಿ ಆ ನಗುವನ್ನು ನೋಡಿಯೇ ಇರಲಿಲ್ಲ. “ಗಲಾಟೆ ಇರ್ಲಿ ಅಂತ ಹೇಳಮ್ಮ. ಇಷ್ಟು ಚೆನ್ನಾಗಿರೋ ಕೋಣೆ ನಾವು ಎಲ್ಲೂ ನೋಡ್ಲಿಲ್ಲ.”

ವಾರಕ್ಕೆರಡು ಸಂಜೆ ಗೊತ್ತಾಯಿತು. ಎಲ್ಲರೂ ಒಟ್ಟಿಗೆ ಮುಖ ನೋಡುವ ಕರೆಯಲ್ಲಿ ಚಿತ್ರ ಕೆಡುತ್ತದೆ, ಕ್ಯಾಮೆರಾದಿಂದ ನೇರ ಪ್ರಸಾರ ಮಾಡಿದರೆ ಸ್ಪಷ್ಟವಾಗಿರುತ್ತದೆ ಎಂದು ಗುಂಡಣ್ಣ ಹೇಳಿದ. ಮಕ್ಕಳು ಪ್ರಶ್ನೆಯನ್ನು ಬರೆದು ಕೇಳಬೇಕು. ಹಾಗಾಗಿ ಮಕ್ಕಳಿಗೆ ಶರ್ವಾಣಿ ಕಂಡಳು, ಶರ್ವಾಣಿಗೆ ಮಕ್ಕಳು ಕಾಣದಾದರು. ತೆರೆಯ ಮೂಲೆಯಲ್ಲಿ ಎಷ್ಟು ಜನ ನೋಡುತ್ತಿದ್ದಾರೆಂಬ ಅಂಕಿಯಷ್ಟೇ. ಅವಳು ಆ ಅಂಕಿಯ ಕಡೆಗೆ ತಿರುಗಿ ಪಾಠ ಮಾಡುವುದನ್ನು ರೂಢಿಸಿಕೊಂಡಳು.

ಮೊದಲ ತಿಂಗಳು ಚೆನ್ನಾಗಿತ್ತು. ಸಮಾಂತರ ಶ್ರೇಢಿ ಮುಗಿಯಿತು. ರೇವಂತ್ ಬರೆದ: “ಮಿಸ್ ಕೈ ಚೆನ್ನಾಗಿ. ಹೊಗೆ ಇಲ್ಲ.” ಸರಸ್ವತಿ ಒಂದು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಮಗಳ ಪಾಠ ನೋಡುತ್ತಿದ್ದರು. ಕೆಳಗಿನಿಂದ ಕಬ್ಬಿಣದ ಕರ್ಕಶ ಸದ್ದು ಏರಿ ಬಂದು ಅವರಿಗೆ ತಲೆನೋವು ಬರುತ್ತಿತ್ತು. ಮಗಳಿಗೆ ಅದನ್ನು ಹೇಳಲಿಲ್ಲ.

ಕೆಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ ಬಂತು. ತನ್ನ ಸ್ಟುಡಿಯೋದಲ್ಲೂ ಲೈವ್ ನಡೆಯುತ್ತದೆಂದು ನಾಲ್ಕು ಜನಕ್ಕೆ ತಿಳಿಯಲಿ ಎಂದು ಗುಂಡಣ್ಣ ಶರ್ವಾಣಿಯ ಪಾಠದ ಒಂದು ತುಣುಕನ್ನು ಫೇಸ್‌ಬುಕ್‌ನಲ್ಲಿ ಹಾಕಿದ್ದ. ಯಾರೋ ಅದನ್ನು ಎತ್ತಿಕೊಂಡು, ಅವಳ ಕೈಯ ಚಲನೆಗೆ ಒಂದು ಕುಣಿತದ ಹಾಡು ಕೂಡಿಸಿ ಹಂಚಿದರು. ಬೆರಳುಗಳು ತಾಳಕ್ಕೆ ಸರಿಯಾಗಿ ಆಡುವಂತೆ ಕತ್ತರಿಸಿದ್ದರು. ಮುಖದ ಹಾವಭಾವ ಸನ್ನೆ ಭಾಷೆಯಲ್ಲಿ ಮಾತಿನ ಅರ್ಧ ಭಾಗ; ಅದನ್ನೇ ಹಿಗ್ಗಿಸಿ, ಮುಂದೆ ಹಿಂದೆ ಓಡಿಸಿದ್ದರು. ಸಾವಿರಾರು ಜನ ನೋಡಿ ನಕ್ಕರು. ಸರಸ್ವತಿಯ ಅಕ್ಕನ ಮಗನೊಬ್ಬ ಅದನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿ, ‘ನಮ್ಮ ಶರ್ವಾಣಿ ಫೇಮಸ್!’ ಎಂದು ಬರೆದಿದ್ದ.

ಶರ್ವಾಣಿ ಅದನ್ನು ಊಟದ ಮೇಜಿನಲ್ಲಿ ನೋಡಿದಳು. ಫೋನನ್ನು ತಾಯಿಯ ಮುಂದೆ ಹಿಡಿದಳು.

“ಸೌಂಡ್ ಇದೆಯಾ ಇದಕ್ಕೆ?”

“ಇದೆ.”

“ಯಾವ ಹಾಡು?”

ಸರಸ್ವತಿ ಹಾಡನ್ನು ಪೂರ್ತಿ ಕೇಳಿದರು. ಕೇಳಿ, “ಚೆನ್ನಾಗಿದೆ ಕಣೇ, ಏನೋ ಭಕ್ತಿಗೀತೆ,” ಎಂದು ಕೈಯಲ್ಲಿ ಹೇಳಿದರು.

ಶರ್ವಾಣಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಕೈ ಸುಳ್ಳು ಹೇಳಬಹುದು. ಹುಟ್ಟಿದಾಗಿನಿಂದ ಓದುತ್ತ ಬಂದ ಮುಖ ಅದು. ಅವಳು ಎದ್ದು ತಟ್ಟೆಯನ್ನು ಸಿಂಕಿಗೆ ಹಾಕಿ ಕೋಣೆಗೆ ಹೋದಳು.

ಮರುದಿನ ಗುಂಡಣ್ಣ ಸರಸ್ವತಿಯ ಮುಂದೆ ಕೈಮುಗಿದ. “ತಪ್ಪಾಯ್ತಮ್ಮ. ನಂಗೆ ಇಂಥದ್ದಾಗತ್ತೆ ಅಂತ ಗೊತ್ತಿರ್ಲಿಲ್ಲ. ನನ್ನದನ್ನ ತೆಗೆದ್ಬಿಟ್ಟೆ. ಅವರದ್ದು ತೆಗ್ಸಕ್ಕಾಗ್ತಿಲ್ಲ.”

ಶರ್ವಾಣಿ ಅವನ ಭುಜ ತಟ್ಟಿ ತನ್ನ ಕಡೆಗೆ ತಿರುಗಿಸಿಕೊಂಡಳು. “ನನ್ನ ನೋಡಿ ಹೇಳೋಕೆ ಹೇಳಮ್ಮ.” ಸರಸ್ವತಿ ಹೇಳಿದರು. ಗುಂಡಣ್ಣ ಅವಳನ್ನು ನೋಡಿ ಕಣ್ಣೊರೆಸಿಕೊಂಡ. ಅವಳು ದೀಪ ಹಾಕುವಂತೆ ಸನ್ನೆ ಮಾಡಿದಳು. ಅಂದೂ ಪಾಠ ನಡೆಯಿತು.

ಆದರೆ ವಿಡಿಯೋ ಊರುಗಳನ್ನೂ ತಲುಪಿತ್ತು. ಕನಕಪುರದ ಕಡೆಯ ಇಬ್ಬರು ಹುಡುಗಿಯರ ಅಪ್ಪಂದಿರು ಫೋನು ಮಾಡಿದರು. “ಊರವರೆಲ್ಲ ನಗ್ತಾವ್ರೆ ಕಣಮ್ಮ. ನಾಳೆ ನಮ್ಮ ಹುಡುಗೀರ್ದೂ ಬಂದ್ರೆ ಏನ್ ಮಾಡನ? ಬ್ಯಾಡ ಬುಡಿ.” ಮಕ್ಕಳು ಕ್ಯಾಮೆರಾದಲ್ಲಿ ಬರುವುದೇ ಇಲ್ಲವೆಂದು ಸರಸ್ವತಿ ಎಷ್ಟು ಬಿಡಿಸಿ ಹೇಳಿದರೂ ಆಗಲಿಲ್ಲ. ಇನ್ನೊಬ್ಬ ಹುಡುಗನ ಅಣ್ಣ ಫೋನನ್ನು ಕೆಲಸಕ್ಕೆ ಒಯ್ಯತೊಡಗಿದ. ಒಬ್ಬಳನ್ನು ಗಾರ್ಮೆಂಟ್ಸಿಗೆ ಸೇರಿಸಿದರು. ಖಾಸಗಿಯಾಗಿ ಪರೀಕ್ಷೆಗೆ ಕೂರಿಸಲು ಬೇಕಾದ ಕಾಗದಗಳು ಟ್ರಸ್ಟಿನ ಆಫೀಸಿನಲ್ಲಿದ್ದವು, ಆಫೀಸಿಗೆ ಬೀಗ ಬಿದ್ದಿತ್ತು. ಶರ್ವಾಣಿ ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟಿದಳು. ಒಳಗೆ ಯಾರಾದರೂ ಓಗೊಟ್ಟಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲವೆಂದು ಸರಸ್ವತಿ ಜೊತೆಗೆ ಹೋಗಿ ಕಿವಿಗೊಟ್ಟು ನಿಂತರು. ಓಗೊಡಲು ಅಲ್ಲಿ ಯಾರೂ ಇರಲಿಲ್ಲ.

ತೆರೆಯ ಮೂಲೆಯ ಅಂಕಿ ಇಳಿಯುತ್ತ ಬಂದು ಒಂದಕ್ಕೆ ನಿಂತಿತು. ಆ ಒಂದು ರೇವಂತ್ ಎಂದು ಶರ್ವಾಣಿಗೆ ಗೊತ್ತಿತ್ತು. ಅವನೊಬ್ಬನಿಗಾಗಿ ವರ್ಗ ಸಮೀಕರಣವನ್ನು ಮೊದಲಿನಿಂದ ಕಲಿಸಿದಳು. ತಪ್ಪದೆ ಪಾಠ ಶುರುವಾಗುವ ಹೊತ್ತಿಗೆ ಅಂಕಿ ಮೂಡುತ್ತಿತ್ತು, ಮುಗಿಯುವವರೆಗೂ ಇರುತ್ತಿತ್ತು. ಆದರೆ ಅವನು ಪ್ರಶ್ನೆ ಬರೆಯುವುದನ್ನು ನಿಲ್ಲಿಸಿದ್ದ. “ಅರ್ಥ ಆಗ್ತಿದೆ ಅನ್ಸತ್ತೆ, ಅದಕ್ಕೇ ಕೇಳ್ತಿಲ್ಲ,” ಎಂದಳು ಶರ್ವಾಣಿ. ಸರಸ್ವತಿ ಹೌದೆಂದರು.

ಸಂಕ್ರಾಂತಿ ಕಳೆದ ಮೇಲೆ ಅವನನ್ನು ನೋಡಿ ಬರೋಣವೆಂದು ಇಬ್ಬರೂ ಮಾಗಡಿ ಬಸ್ಸು ಹತ್ತಿದರು. ಮನೆಯಲ್ಲಿದ್ದ ಅವನ ತಾಯಿ ಬಸ್‌ಸ್ಟ್ಯಾಂಡಿನ ಪಕ್ಕದ ಬೇಕರಿಗೆ ಹೋಗಿರೆಂದಳು. ಅದು ಅವನ ಮಾವನ ಅಂಗಡಿ. ರೇವಂತ್ ಒಳಗೆ ಟ್ರೇಗಟ್ಟಲೆ ಬನ್ನಿಗೆ ಎಣ್ಣೆ ಸವರುತ್ತಿದ್ದ. ಎತ್ತರವಾಗಿದ್ದ. ಶರ್ವಾಣಿಯನ್ನು ಕಂಡು ಮುಖ ಅರಳಿತು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಓಡಿ ಬಂದ.

ಶರ್ವಾಣಿ ಅವನೊಂದಿಗೆ ಕೈಯಲ್ಲಿ ಮಾತಿಗಿಳಿದಳು. ಹೇಗಿದ್ದೀಯ, ಕೆಲಸ ಕಷ್ಟವೇ, ಕಳೆದ ವಾರದ ಲೆಕ್ಕ ಬಿಡಿಸಿದೆಯಾ.

ಅವನು ತಲೆಯಾಡಿಸಿದ.

“ಎರಡು ಉತ್ತರ ಯಾಕೆ ಬಂತು ಹೇಳು?”

ಅವನು ನಗುತ್ತ ತಲೆಯಾಡಿಸಿದ.

“ರೇವಂತ್, ನಾನು ಏನು ಕೇಳ್ದೆ?”

ಮತ್ತೂ ಅದೇ ನಗು, ಅದೇ ತಲೆಯಾಟ. ಶರ್ವಾಣಿಗೆ ಆ ತಲೆಯಾಟ ಗೊತ್ತಿತ್ತು. ಮದುವೆಮನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಏನು ಹೇಳುತ್ತಿದ್ದಾರೆಂದು ತಿಳಿಯದಾಗ, ಎದುರಿನವರ ಮನಸ್ಸು ನೋಯದಿರಲೆಂದು ಅವಳೂ ಹಾಗೆಯೇ ಆಡಿಸುತ್ತಿದ್ದಳು. ಕಿವಿ ಕೇಳುವವರಿಗೆ ಕಿವುಡರು ಕೊಡುವ ಉತ್ತರ ಅದು. ಅವನು ಅದನ್ನು ಈಗ ಅವಳಿಗೆ ಕೊಡುತ್ತಿದ್ದ.

ಅವನ ಮಾವ ಗಲ್ಲಾದ ಹಿಂದಿನಿಂದ ಸರಸ್ವತಿಗೆ ಹೇಳಿದ. “ಮೇಡಮ್ಮೋರ ಪಾಠ ಒಂದ್ ದಿನಾನೂ ತಪ್ಸಿಲ್ಲ ನೋಡಿ. ಟೈಮಾದ ತಕ್ಷಣ ಫೋನ್ ಹಚ್ಚಿ ಇಲ್ಲಿ ಬಿಸ್ಕತ್ ಜಾಡಿಗೆ ಒರಗ್ಸಿ ಮಡಗ್ತಾನೆ. ಸಂಜೆ ಹೊತ್ತು ಗಿರಾಕಿ ಜಾಸ್ತಿ ಅಲ್ವಾ, ನೋಡಾಕ್ ಆಗಾಕಿಲ್ಲ. ಆದ್ರೂ ಆರ್ಸಾಕ್ ಬಿಡಾಕಿಲ್ಲ.”

ರೇವಂತ್ ಒಂದು ಕಾಗದದ ಪೊಟ್ಟಣದಲ್ಲಿ ಬಿಸಿ ಖಾರ ಬನ್ನು ಕಟ್ಟಿ ತಂದುಕೊಟ್ಟ. ಸರಸ್ವತಿ ದುಡ್ಡು ತೆಗೆದರೆ ಬೇಡವೆಂದು ಕೈಯಾಡಿಸಿದ. ‘ತಿನ್ನು’ ಎಂದು ಬಾಯಿಗೆ ಬೆರಳು ತೋರಿಸಿದ. ‘ಹೋಗು, ಬಾ’ ಎಂದ. ಒಳಗಿನಿಂದ ಯಾರೋ ಅವನ ಬೆನ್ನಿಗೆ ಹಿಟ್ಟಿನ ಉಂಡೆ ಎಸೆದು ಕರೆದರು, ಅವನು ಹೋದ.

ಮರಳುವಾಗ ಬಸ್ಸಿನಲ್ಲಿ ಜನವಿರಲಿಲ್ಲ. ತಾವರೆಕೆರೆ ದಾಟಿದ ಮೇಲೆ ಸರಸ್ವತಿ ಮಗಳ ಕಡೆಗೆ ತಿರುಗಿದರು.

“ಗುಂಡಣ್ಣಂಗೆ ಮುಂದಿನ ವಾರ ಬರ್ತೀವಿ ಅಂತ ಹೇಳಿದ್ದೆ,” ಎಂದರು ಸರಸ್ವತಿ ಕೈಯಲ್ಲಿ. “ಏನು ಹೇಳ್ಲಿ?”

“ಬರಲ್ಲ ಅಂತ ಹೇಳು.”

“ಇನ್ನೊಂದು ತಿಂಗಳು ನೋಡೋಣ ಪುಟ್ಟಿ. ರೆಕಾರ್ಡ್ ಮಾಡಿಡೋಣ. ಯಾರಾದ್ರೂ ಮುಂದೆ ನೋಡ್ತಾರೆ.”

“ಯಾರು?”

ಸರಸ್ವತಿಯ ಕೈ ಎದ್ದಿತು. ಒಂದು ಹೆಸರು ಹೇಳಲೆಂದು ಎದ್ದ ಕೈ. ಹೆಸರು ಸಿಗದೆ ಅವರು ಆ ಕೈಯನ್ನು ಮುಂದಿನ ಸೀಟಿನ ಕಂಬಿಯ ಮೇಲಿಟ್ಟು ಹಿಡಿದುಕೊಂಡರು. ಶರ್ವಾಣಿ ಕಿಟಕಿಯ ಕಡೆಗೆ ತಿರುಗಿದಳು.